ಒಂಬತ್ತು ರೂಪಾಯಿಯ ರಿಯಾಯಿತಿ

ಒಂದು ಮಗುವಿಗೆ ಇಬ್ಬರು ತಂದೆಯರಿರುವುದನ್ನು ಸರ್ಕಾರ ಒಪ್ಪುವುದಿಲ್ಲ ಎಂದು ಕರಿಬಸವಯ್ಯ ಜಯಸಿಂಹನಿಗೆ ಹೇಳಿದ್ದು ಬಸ್ಸಿನಲ್ಲಿ, ಅದೂ ನಿಂತುಕೊಂಡು, ಅದೂ ಲಾಲ್‌ಬಾಗಿನ ತಿರುವಿನಲ್ಲಿ ಬಸ್ಸು ವಾಲಿ ಇಬ್ಬರೂ ಒಬ್ಬರ ಎದೆಗೊಬ್ಬರು ಆತುಕೊಂಡಿದ್ದಾಗ. ಶನಿವಾರದ ಅರ್ಧ ದಿನದ ಆಫೀಸು ಮುಗಿಸಿ ಜಯನಗರಕ್ಕೆ ಹೊರಟ ಗುಮಾಸ್ತರಿಂದಲೇ ಬಸ್ಸು ತುಂಬಿತ್ತು. ಅವರಲ್ಲಿ ಮೂವರಾದರೂ ತಿರುಗಿ ನೋಡಿದರು. ಕರಿಬಸವಯ್ಯ ಆದಾಯ ತೆರಿಗೆಯವರಲ್ಲಿ ಗುಮಾಸ್ತ, ಜಯಸಿಂಹನ ಮನೆಯಿಂದ ನಾಲ್ಕನೆಯ ಮನೆಯವನು, ಒಳ್ಳೆಯವನು, ಗುಟ್ಟು ಬಿಡದವನು ಎಂದು ಹೆಸರಾದವನು. ಆದರೆ ಅವನ ಗಂಟಲು ಮಾತ್ರ ಹರಿಕಥೆ ದಾಸರದ್ದು. ನಿಮ್ಮ ರಿಟರ್ನಿನಲ್ಲೂ ಸರಸ್ವತಿ ಎಂಬ ಮಗಳಿದ್ದಾಳೆ, ನಿಮ್ಮ ಅಣ್ಣನವರ ರಿಟರ್ನಿನಲ್ಲೂ ಸರಸ್ವತಿ ಎಂಬ ಮಗಳಿದ್ದಾಳೆ, ಎರಡು ಕಾಗದವೂ ನನ್ನ ಮೇಜಿಗೇ ಬಂದಿವೆ, ಸಾಹೇಬರ ಕಣ್ಣಿಗೆ ಬೀಳುವ ಮುಂಚೆ ನೀವು ನೀವೇ ಮಾತಾಡಿಕೊಂಡು ಯಾರಾದರೊಬ್ಬರು ಹೆಸರು ವಾಪಸು ತೆಗೆದುಕೊಂಡು ಒಂದು ಕಾಗದ ಬರೆದುಕೊಡಿ, ಎಂದು ಅವನು ಉಪಕಾರದ ದನಿಯಲ್ಲಿ ಹೇಳಿದ. ಆಮೇಲೆ ಯಾಕೋ ಸಮಾಧಾನ ಮಾಡುವವನಂತೆ, ಇಬ್ಬರು ತಂದೆಯರಿರುವುದು ಒಬ್ಬನೂ ಇಲ್ಲದ್ದಕ್ಕಿಂತ ವಾಸಿ ಬಿಡಿ ಎಂದು ಸೇರಿಸಿದ. ಜಯಸಿಂಹ ನಕ್ಕ. ನಗಬೇಕಾಗಿರಲಿಲ್ಲ. ಇಳಿಯಬೇಕಾದ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿದು, ಇನ್ನೂ ಮನೆ ಏಳದ ಸೈಟುಗಳ ಕಲ್ಲುಗಳನ್ನು ದಾಟುತ್ತ ನಡೆದುಹೋದ.

ಈಗ ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ಗದ್ದಕ್ಕೆ ನೊರೆ ಬಳಿದುಕೊಂಡು ನಿಂತಾಗ ಆ ನಗು ಇನ್ನೂ ಮುಖಕ್ಕೆ ಅಂಟಿಕೊಂಡಿರುವಂತೆ ಕಂಡು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮೂವತ್ತೆಂಟು ವರ್ಷ, ತಿಂಗಳಿಗೆ ಮುನ್ನೂರು ರೂಪಾಯಿ, ಕೈಕೆಳಗೆ ನಾಲ್ಕು ಜನ, ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನವರು ಕೊಟ್ಟ ಸೈಟಿನಲ್ಲಿ ಎರಡು ಕೋಣೆಯ ಮನೆ. ಇಷ್ಟೆಲ್ಲ ಇದ್ದವನು ಬಸ್ಸಿನಲ್ಲಿ ನಿಂತು, ನೀನು ಅಪ್ಪನಲ್ಲ ಎಂದದ್ದಕ್ಕೆ ಹಲ್ಲು ಕಿರಿದಿದ್ದ. ಹೋದ ವರ್ಷದ ಬಜೆಟ್ಟಿನಲ್ಲಿ ದೆಹಲಿಯವರಿಗೆ ಇದ್ದಕ್ಕಿದ್ದಂತೆ ಮಕ್ಕಳ ನೆನಪಾಗಿತ್ತು. ಮದುವೆಯಾದವನಿಗೆ ಮಗುವೊಂದಕ್ಕೆ ಮುನ್ನೂರು ರೂಪಾಯಿಯಷ್ಟು ಆದಾಯದ ಮೇಲೆ ತೆರಿಗೆ ಮಾಫಿ, ಅದೂ ಎರಡು ಮಕ್ಕಳವರೆಗೆ. ಮೂರನೆಯದು ಹುಟ್ಟಿದರೆ ಅದು ತಂದೆಯ ಸ್ವಂತ ಚಪಲ. ರೂಪಾಯಿಗೆ ಮೂರು ನಯಾಪೈಸೆಯ ದರದಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೆ ಒಂಬತ್ತು ರೂಪಾಯಿ ಉಳಿತಾಯ. ಅದೇ ಬಜೆಟ್ಟಿನಲ್ಲಿ ಸಕ್ಕರೆ, ಕಾಫಿ, ಬೆಂಕಿಪೊಟ್ಟಣಗಳ ಸುಂಕ ಏರಿತ್ತು. ಒಂದು ಕೈಯಲ್ಲಿ ಮಗುವಿನ ಕೆನ್ನೆ ಸವರಿ ಇನ್ನೊಂದು ಕೈಯಲ್ಲಿ ಅದರ ಬಾಯೊಳಗಿನ ಪೆಪ್ಪರ್‌ಮಿಂಟು ಕಿತ್ತುಕೊಳ್ಳುವ ಈ ವಿದ್ಯೆಯನ್ನು ಅವನು ಆಫೀಸಿನಲ್ಲಿ ಎಷ್ಟೋ ಸಲ ಗೇಲಿ ಮಾಡಿದ್ದ. ಆದರೆ ಫಾರಮು ಕೈಗೆ ಬಂದು, ಅವಲಂಬಿತ ಮಕ್ಕಳ ಹೆಸರು ಮತ್ತು ವಯಸ್ಸು ಎಂಬ ಕಾಲಮನ್ನು ನೋಡಿದಾಗ ಗೇಲಿ ನಿಂತುಹೋಗಿತ್ತು. ಒಂಬತ್ತು ವರ್ಷದಲ್ಲಿ ಯಾರೂ, ಅಣ್ಣನಾಗಲಿ ಅತ್ತಿಗೆಯಾಗಲಿ ಹೆಂಡತಿಯಾಗಲಿ, ಅವನನ್ನು ಕೇಳದಿದ್ದ ಪ್ರಶ್ನೆಯನ್ನು ಭಾರತ ಸರ್ಕಾರ ಕೇಳಿತ್ತು. ಅವನು ಹೊಸ ನಿಬ್ಬು ಹಾಕಿ, ಸರಸ್ವತಿ, ಒಂಬತ್ತು, ಎಂದು ಬರೆದು, ಶಾಯಿ ಆರುವವರೆಗೆ ಊದುತ್ತ ಕೂತಿದ್ದ. ಹೆಂಡತಿ ಚೂಡಾಮಣಿಯನ್ನು ಅಡಿಗೆಮನೆಯಿಂದ ಕರೆದು ತೋರಿಸಿದ್ದ. ಅವಳು ಇಂಗ್ಲಿಷು ಓದಲಾರದವಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಎರಡು ಪದಗಳನ್ನು ದೇವರ ಪಟವನ್ನು ನೋಡುವಂತೆ ನೋಡಿ, ಚೆನ್ನಾಗಿದೆ ಎಂದಿದ್ದಳು.

ಸರಸ್ವತಿ ಅವರ ಮನೆಗೆ ಬಂದದ್ದು ಜಟಕಾದಲ್ಲಿ, ಇಪ್ಪತ್ತೆರಡು ದಿನದ ಕೂಸಾಗಿ, ಹಳೆಯ ಸೀರೆಯಲ್ಲಿ ಸುತ್ತಿಕೊಂಡು. ಅಣ್ಣ ಗೌರೀಶಂಕರನ ಎರಡನೆಯ ಮಗಳು ಅವಳು. ಹೆರಿಗೆಯಾದ ಮೇಲೆ ಅತ್ತಿಗೆ ಜ್ವರ ಹಿಡಿದು ಹಾಸಿಗೆ ಬಿಟ್ಟು ಏಳಲಿಲ್ಲ, ನಾಲ್ಕು ವರ್ಷದ ಪಂಕಜಾಳನ್ನು ನೋಡಿಕೊಳ್ಳುವುದೇ ಆ ಮನೆಯಲ್ಲಿ ಕಷ್ಟವಾಗಿತ್ತು, ಒಂದೆರಡು ತಿಂಗಳು ಇಟ್ಟುಕೊಂಡಿರಿ ಎಂದು ಯಾರೋ ಹೇಳಿದರು, ಯಾರು ಹೇಳಿದರೆಂಬುದೇ ಈಗ ನೆನಪಿಲ್ಲ. ಎರಡು ತಿಂಗಳು ಆರಾಯಿತು. ಅತ್ತಿಗೆ ಗುಣವಾದಳು. ಒಂದು ಮಧ್ಯಾಹ್ನ ಒಬ್ಬಳೇ ಬಂದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ಕೂತು, ಏಳುವಾಗ ಮಡಿಲಿಂದ ಬೆಳ್ಳಿಯ ಒಳಲೆಯನ್ನು ತೆಗೆದು ಚೂಡಾಮಣಿಯ ಕೈಯಲ್ಲಿಟ್ಟು ಹೋದಳು. ಮಗುವಿಗೆ ಹಾಲು ಹಾಕುವ ಒಳಲೆ. ಅಷ್ಟೇ. ಆ ಮನೆತನದಲ್ಲಿ ಮುಖ್ಯವಾದ ಮಾತನ್ನು ಬಾಯಿಂದ ಆಡುವ ಪದ್ಧತಿಯೇ ಇರಲಿಲ್ಲ. ಅದನ್ನು ಒಂದು ಪಾತ್ರೆಯಿಂದಲೋ ಒಂದು ಕೆಮ್ಮಿನಿಂದಲೋ ತಿಳಿಸುತ್ತಿದ್ದರು. ಗಂಡಾಗಿದ್ದರೆ ಪುರೋಹಿತರು, ಹೋಮ, ದತ್ತು, ಪಿಂಡ ಯಾರಿಗೆ ಆಸ್ತಿ ಯಾರಿಗೆ ಎಂಬ ಜಗಳ ಎಲ್ಲ ನಡೆಯುತ್ತಿತ್ತು. ಹೆಣ್ಣುಕೂಸನ್ನು ದತ್ತು ತೆಗೆದುಕೊಳ್ಳುವುದಕ್ಕೆ ಆಗ ಶಾಸ್ತ್ರವೂ ಇರಲಿಲ್ಲ, ಕಾನೂನೂ ಇರಲಿಲ್ಲ. ಹಾಗಾಗಿ ಯಾರೂ ಕೊಡಲೂ ಇಲ್ಲ, ಯಾರೂ ತೆಗೆದುಕೊಳ್ಳಲೂ ಇಲ್ಲ, ಮಗು ತನ್ನ ಪಾಡಿಗೆ ತಾನು ಬೆಳೆಯಿತು. ಅವಳಿಗೆ ಮೊದಲು ಚಿಕ್ಕಪ್ಪ ಎನ್ನಲು ಕಲಿಸಿದ್ದರು. ಮೂರನೆಯ ವರ್ಷಕ್ಕೆ ಅದು ಸವೆದು ಅಪ್ಪ ಆದಾಗ ಜಯಸಿಂಹ ತಿದ್ದಲಿಲ್ಲ. ಶಾಲೆಗೆ ಸೇರಿಸುವಾಗ ತಂದೆಯ ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆಸಿ, ಕಳ್ಳತನ ಮಾಡಿದವನಂತೆ ಎರಡು ದಿನ ಅಣ್ಣನ ಮನೆಯ ಕಡೆ ಹೋಗಿರಲಿಲ್ಲ.

ಗದ್ದದ ಮೇಲೆ ಬ್ಲೇಡು ತಾಗಿ ಸಣ್ಣಗೆ ರಕ್ತ ಬಂದಿತ್ತು, ಅದಕ್ಕೆ ಕಾಗದದ ಚೂರು ಅಂಟಿಸಿಕೊಂಡ. ಬಸವನಗುಡಿಗೆ, ಅಣ್ಣನ ಮನೆಗೆ, ಹೋಗಿಬರುತ್ತೇನೆ, ಸುಮ್ಮನೆ, ಬಹಳ ದಿನವಾಯಿತು, ಮಗುವೂ ಬರಲಿ ಎಂದು ಚೂಡಾಮಣಿಗೆ ಹೇಳಿದ. ಅವಳು ಅವನ ಮುಖವನ್ನೂ ಗದ್ದದ ಮೇಲಿನ ಕಾಗದದ ಚೂರನ್ನೂ ನೋಡಿ, ಬರುವಾಗ ಕಾಫಿಬೀಜ ತನ್ನಿ, ಅರ್ಧ ಪೌಂಡು ಸಾಕು, ಪೂರ್ತಿ ತರುವ ಕಾಲ ಹೋಯಿತು ಎಂದಳು. ದಾರಿಯಲ್ಲಿ ಸರಸ್ವತಿ ಅಶೋಕ ಸ್ತಂಭದ ಹತ್ತಿರ ನಿಂತು ಎಂದಿನಂತೆ ಸಿಂಹಗಳನ್ನು ಎಣಿಸಿದಳು. ಒಂದು ಕಡೆಯಿಂದ ನೋಡಿದರೆ ಮೂರೇ ಕಾಣುತ್ತವೆ, ಸುತ್ತಿ ಬಂದರೂ ಮೂರೇ, ನಾಲ್ಕನೆಯದು ಯಾವಾಗಲೂ ಹಿಂದಕ್ಕೆ ಹೋಗಿಬಿಡುತ್ತದೆ ಎಂಬುದು ಅವಳ ದೂರು. ಫಾರಮಿನ ನೆತ್ತಿಯ ಮೇಲೂ ಇವೇ ಸಿಂಹಗಳಿದ್ದವು ಎಂಬುದು ಜಯಸಿಂಹನಿಗೆ ನೆನಪಾಯಿತು. ಅಣ್ಣನಿಗೆ ಏನು ಹೇಳಬೇಕೆಂಬುದನ್ನು ಅವನು ಮನಸ್ಸಿನಲ್ಲಿ ನಾಲ್ಕೈದು ಸಲ ಕರಡು ಮಾಡಿದ್ದ. ನೀವು ಹೆಸರು ತೆಗೆಸಿ, ಅವಳು ನನ್ನ ಮಗಳು. ಎರಡೇ ವಾಕ್ಯ. ಮೊದಲನೆಯದು ಹೇಗೋ ಬಾಯಿಗೆ ಬರಬಹುದು. ಎರಡನೆಯದನ್ನು ಹೇಳಿದರೆ ಅಣ್ಣ, ಹೌದೇನು, ಯಾವತ್ತಿನಿಂದ, ಎಂದು ಕೇಳಿ, ನಾಳೆ ಅವಳ ಬಟ್ಟೆ ಬರೆ ಕಟ್ಟಿ ಕಳಿಸು ಎಂದರೆ? ಹಾಗೆನ್ನುವ ಹಕ್ಕು ಅವನಿಗಿತ್ತು. ಜಯಸಿಂಹನಿಗೆ ಇದ್ದದ್ದು ಒಂದು ಒಳಲೆ. ಆ ಬೆಳ್ಳಿಯ ಒಳಲೆಯನ್ನು ಯಾವ ಕೋರ್ಟಿಗೆ ತೋರಿಸಬೇಕು ಎಂದು ಯೋಚಿಸುತ್ತ ಅವನು ಸೌತ್ ಎಂಡ್ ಸರ್ಕಲ್ಲು ದಾಟಿದ.

ಗೌರೀಶಂಕರ ಒಂದು ಖಾಸಗಿ ಬ್ಯಾಂಕಿನ ಮ್ಯಾನೇಜರು, ತಮ್ಮನಿಗಿಂತ ಹನ್ನೆರಡು ವರ್ಷ ದೊಡ್ಡವನು, ಭಾನುವಾರ ಸ್ನಾನವಾದ ಮೇಲೆ ಬರಿಮೈಯಲ್ಲಿ ಆರಾಮಕುರ್ಚಿಯಲ್ಲಿ ಒರಗಿ ಇಡೀ ದೇಶವನ್ನು ವಿಚಾರಿಸಿಕೊಳ್ಳುವವನು. ತಮ್ಮ ಬಂದ ಕೂಡಲೇ ಕುರ್ಚಿ ತೋರಿಸದೆ ಬಜೆಟ್ಟಿನ ವಿಷಯ ತೆಗೆದ. ಸಂಪಾದಿಸಿದರೆ ತೆರಿಗೆ, ಕೂಡಿಟ್ಟರೆ ತೆರಿಗೆ, ಖರ್ಚು ಮಾಡಿದರೂ ತೆರಿಗೆಯಂತೆ, ಸತ್ತರೆ ಅದಕ್ಕೂ ಇದೆ, ಹುಟ್ಟಿದ್ದಕ್ಕೆ ಮಾತ್ರ ಒಂಬತ್ತು ರೂಪಾಯಿ ಇನಾಮು ಎಂದು ಹೊಟ್ಟೆ ಕುಣಿಸಿ ನಕ್ಕ. ಕರಿಬಸವಯ್ಯ ಅವನಿಗೂ ಬ್ಯಾಂಕಿಗೆ ಫೋನು ಮಾಡಿ ಹೇಳಿದ್ದ. ಅವನಿಗೆ ಅದೊಂದು ಒಳ್ಳೆಯ ತಮಾಷೆಯಾಗಿ ಕಂಡಿತ್ತು, ಬ್ಯಾಂಕಿನಲ್ಲಿ ಎಲ್ಲರಿಗೂ ಹೇಳಿದ್ದೆನೆಂದ. ರಿಟರ್ನು ಬರೆದವನು ಆಡಿಟರು, ಮಕ್ಕಳೆಷ್ಟು ಎಂದು ಕೇಳಿದ, ಎರಡು ಎಂದೆ, ತಪ್ಪೇನು? ಜಯಸಿಂಹ ಇಲ್ಲ ಎಂದು ತಲೆಯಾಡಿಸಿದ. ತಲೆ ಯಾವಾಗಲೂ ಮನಸ್ಸಿಗಿಂತ ಮೊದಲೇ ಆಡುತ್ತಿತ್ತು ಆ ಮನೆಯಲ್ಲಿ. ಒಳಗಿನ ಕೋಣೆಯಲ್ಲಿ ಸರಸ್ವತಿ ಪಂಕಜಾಳ ಜೊತೆ ಚೌಕಾಬಾರ ಆಡುತ್ತಿದ್ದಳು, ಕವಡೆ ಚೆಲ್ಲುವ ಸದ್ದು ಕೇಳುತ್ತಿತ್ತು. ಅತ್ತಿಗೆ ಕೋಡುಬಳೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವಳು ಅಲ್ಲಿಯೇ ನಿಂತಳು. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಜಯಸಿಂಹ ಚಡ್ಡಿ ಹಾಕುತ್ತಿದ್ದ ಹುಡುಗ. ಸರಸ್ವತಿಯೊಡನೆ ಮಾತಾಡುವಾಗ ಅವಳದೊಂದು ಜಾಣತನ ಇತ್ತು, ಜಯಸಿಂಹನೊಬ್ಬನೇ ಅದನ್ನು ಗಮನಿಸಿದ್ದ: ಬಾ, ತಿನ್ನು, ಜಡೆ ಹಾಕ್ತೀನಿ ಕೂತ್ಕೋ ಎನ್ನುವಳೇ ಹೊರತು ತನ್ನನ್ನು ತಾನು ಯಾವ ಹೆಸರಿನಿಂದಲೂ ಕರೆದುಕೊಂಡವಳಲ್ಲ. ಮಗು ದೊಡ್ಡಮ್ಮ ಎಂದರೆ ಓಗೊಡುವಳು, ಅಷ್ಟೇ. ಒಂಬತ್ತು ವರ್ಷ ಆ ಒಂದು ಪದವನ್ನು ತುಳಿಯದೆ ನಡೆದಿದ್ದಳು.

"ಎಷ್ಟನೇ ಕ್ಲಾಸು ಈಗ ಅವಳು? ಎರಡೋ ಮೂರೋ?" ಎಂದು ಗೌರೀಶಂಕರ ಕೇಳಿದ.

"ನಾಲ್ಕು," ಎಂದ ಜಯಸಿಂಹ.

"ನೋಡು, ನಾಲ್ಕು. ಸರಿ, ಒಂದು ಕೆಲಸ ಮಾಡು, ನೀನು ನಿನ್ನ ಫಾರಮಿಂದ ಅವಳ ಹೆಸರು ವಾಪಸ್ ತಗೊಂಡುಬಿಡು. ನಂದು ಆಡಿಟರು ಸೀಲು ಹಾಕಿ ಕಳಿಸಿರೋದು, ಈಗ ತಿದ್ದೋಕೆ ಹೋದ್ರೆ ಪೂರ್ತಿ ಕಾಗದ ಕೆದಕ್ತಾರೆ. ಒಂಬತ್ತು ರೂಪಾಯಿ ತಾನೆ ನಿನಗೆ ನಷ್ಟ, ನಾನು ಕೊಡ್ತೀನಿ ತಗೋ. ಪ್ರತಿ ವರ್ಷ ಕೊಡ್ತೀನಿ ಬೇಕಾದ್ರೆ." ಆರಾಮಕುರ್ಚಿಯ ತೋಳಿಗೆ ನೇತುಹಾಕಿದ್ದ ಅಂಗಿಯ ಜೇಬಿಗೆ ಕೈ ಹಾಕಿ ಹತ್ತು ರೂಪಾಯಿಯ ನೋಟು ತೆಗೆದ. "ಮಿಕ್ಕ ಒಂದು ರೂಪಾಯಿ ಮಗೂಗೆ."

ಜಯಸಿಂಹನ ಕೈ ಮುಂದೆ ಹೋಯಿತು. ಆಮೇಲೆ ಎಷ್ಟು ಸಲ ಯೋಚಿಸಿದರೂ ಅದು ಹೇಗೆ ಹೋಯಿತೆಂಬುದು ಅವನಿಗೆ ತಿಳಿಯಲಿಲ್ಲ. ಅಪ್ಪ ಸತ್ತಾಗ ಅವನಿಗೆ ಒಂಬತ್ತು ವರ್ಷ. ಅಲ್ಲಿಂದ ಮುಂದೆ ಸ್ಕೂಲಿನ ಫೀಜು, ಚಪ್ಪಲಿ, ಕಾಲೇಜು, ಮದುವೆಯ ಪಂಚೆ, ಎಲ್ಲವೂ ಆ ಬರಿಮೈಯ ಮನುಷ್ಯನ ಕೈಯಿಂದ ಬಂದಿತ್ತು, ಆ ಕೈ ಚಾಚಿದ್ದೆಲ್ಲವನ್ನೂ ಇವನು ಎರಡೂ ಕೈ ಒಡ್ಡಿ ತೆಗೆದುಕೊಂಡಿದ್ದ. ಅಂಗೈಗೆ ನೋಟು ತಾಗಿದಾಗ ಅವನು ಅಭ್ಯಾಸಬಲದಿಂದ ಕೊಂಚ ಬಾಗಿದ್ದು ಕೂಡ ಉಂಟು. ಬಾಗಿಲಲ್ಲಿ ಅತ್ತಿಗೆಯ ಕೈಬಳೆ ಸದ್ದಾಯಿತು. ಅವಳು ತಟ್ಟೆಯನ್ನು ಟೀಪಾಯಿಯ ಮೇಲೆ ಇಟ್ಟು, ಇಬ್ಬರ ಮುಖವನ್ನೂ ನೋಡದೆ ಒಳಗೆ ಹೋದಳು. ಜಯಸಿಂಹ ಕೋಡುಬಳೆ ತಿಂದ. ಅದು ಚೆನ್ನಾಗಿತ್ತು ಎಂಬುದೇ ಅವನಿಗೆ ಎಲ್ಲಕ್ಕಿಂತ ನಾಚಿಕೆಯ ವಿಷಯವಾಗಿ ಕಂಡಿತು. ಇಂಥ ಹೊತ್ತಿನಲ್ಲಿ ನಾಲಗೆಯಾದರೂ ಮುಷ್ಕರ ಹೂಡಬೇಕಿತ್ತು. ಬರುವಾಗ ಸರಸ್ವತಿ ಪೆಪ್ಪರ್‌ಮಿಂಟು ಕೇಳಿದಳು. ಹತ್ತರ ನೋಟನ್ನು ಒಡೆಯಲಾರದೆ, ಬೇರೆ ಜೇಬಿನಲ್ಲಿದ್ದ ಚಿಲ್ಲರೆಯಲ್ಲಿ ಕೊಡಿಸಿದ. ಹಿಂದೆ ಅಷ್ಟೇ ದುಡ್ಡಿಗೆ ನಾಲ್ಕು ಬರುತ್ತಿತ್ತು, ಈಗ ಮೂರು ಬಂತು. ಮೂರೇನಾ ಎಂದು ಅವಳು ಅಂಗಡಿಯವನನ್ನು ಕೇಳಿದಾಗ ಅವನು ದೆಹಲಿಯ ಕಡೆಗೆ ಕೈ ತೋರಿಸಿದ. ಮನೆಗೆ ಬಂದು ಜಯಸಿಂಹ ಆ ನೋಟನ್ನು ಪಂಚಾಂಗದ ನಡುವೆ ಇಟ್ಟ. ಕಾಫಿಬೀಜ ಮರೆತುಹೋಗಿತ್ತು.

ಸೋಮವಾರ ಆಫೀಸಿನಲ್ಲಿ ಕಾಗದ ಬರೆಯುವಾಗ ಅವನಿಗೆ ಆದದ್ದು ದುಃಖವಲ್ಲ, ಹೇಳಬಾರದು, ಒಂದು ಬಗೆಯ ಉತ್ಸಾಹ. ಹದಿನಾರು ವರ್ಷ ಸರ್ಕಾರದ ಕಾಗದ ಬರೆದ ಕೈ ಅದು. ಸದರಿ ಸರಸ್ವತಿ ಎಂಬ ಮಗುವು ನನ್ನ ಮಗುವಲ್ಲವೆಂದೂ, ನನ್ನ ಸೋದರನ ಮಗುವೆಂದೂ, ಕೈತಪ್ಪಿನಿಂದ ನನ್ನ ರಿಟರ್ನಿನಲ್ಲಿ ನಮೂದಾಗಿದೆಯೆಂದೂ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ ಎಂಬ ಅರ್ಥ ಬರುವ ಇಂಗ್ಲಿಷನ್ನು ಅವನು ಮೂರು ಸಲ ತಿದ್ದಿದ. ಕೈತಪ್ಪು ಎಂಬುದಕ್ಕೆ ಸರಿಯಾದ ಪದ ಸಿಗದೆ ಡಿಕ್ಷನರಿ ತರಿಸಿದ. ಒಂಬತ್ತು ವರ್ಷದ ಕೈತಪ್ಪು. ಜ್ವರ ಬಂದಾಗ ಇಡೀ ದಿನ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಮಗ್ಗಿ ಹೇಳಿಕೊಟ್ಟದ್ದು, ಮೊದಲ ಹಲ್ಲು ಬಿದ್ದಾಗ ಅದನ್ನು ಹೆಂಚಿನ ಮೇಲೆ ಎಸೆಯಲು ಹೋಗಿ ಏಣಿಯಿಂದ ತಾನೇ ಬಿದ್ದದ್ದು, ಎಲ್ಲವೂ ಗುಮಾಸ್ತರ ಕೈತಪ್ಪು. ಕೊನೆಗೆ ಪದ ಸಿಕ್ಕಿತು, ಕಾಗದ ಚೆನ್ನಾಗಿ ಬಂತು, ಅವನು ಸಹಿ ಹಾಕಿ ಮಧ್ಯಾಹ್ನವೇ ಕರಿಬಸವಯ್ಯನ ಕೈಗೆ ತಲುಪಿಸಿ ಬಂದ. ಹಿಂದಿರುಗುವಾಗ ಹೋಟೆಲೊಂದರ ಬೆಂಚಿನ ಮೇಲೆ ಕಾಫಿ ತರಿಸಿಕೊಂಡು ಕುಡಿಯದೆ ಕೂತ. ಆಗ ಅಳು ಬಂತು. ಹೋಟೆಲಿನವನು ಕಾಫಿ ಸರಿಯಿಲ್ಲವೇ ಎಂದು ಕೇಳಿದ. ಸಕ್ಕರೆ ಕಡಿಮೆ ಎಂದ ಜಯಸಿಂಹ. ಬಜೆಟ್ಟು ಸ್ವಾಮಿ, ಎಂದು ಹೋಟೆಲಿನವನು ಹೋದ.

ಬುಧವಾರ ಸಂಜೆ ಇನ್ನೂ ಬೆಳಕಿರುವಾಗಲೇ ಕರಿಬಸವಯ್ಯ ಅವನ ಮನೆಗೆ ಬಂದು, ಜಗಲಿಯ ಮೇಲೆ ಕೂತು, ಚೂಡಾಮಣಿ ಕೊಟ್ಟ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿಕೊಳ್ಳುತ್ತ ನಗಲು ಶುರುಮಾಡಿದ. ನಗು ನಿಲ್ಲಿಸಲಾಗದೆ ಬಟ್ಟಲನ್ನು ಕೆಳಗಿಟ್ಟ. ಸರಸ್ವತಿ ಒಳಬಾಗಿಲ ಹತ್ತಿರ ಸ್ಲೇಟು ಹಿಡಿದು ಲೆಕ್ಕ ಮಾಡುತ್ತಿದ್ದಳು.

"ಏನ್ ಹೇಳ್ಲಿ ಸ್ವಾಮಿ. ಸೋಮವಾರ ನಿಮ್ಮ ಕಾಗದ ಬಂತು, ಮಗು ನನ್ನದಲ್ಲ ಅಂತ. ಇವತ್ತು ನಿಮ್ಮ ಅಣ್ಣನೋರ ಕಾಗದ ಬಂದಿದೆ, ಮಗು ನನ್ನ ಅವಲಂಬನದಲ್ಲಿ ಇಲ್ಲ, ಹೆಸರು ತೆಗೀರಿ ಅಂತ. ಸಾಹೇಬರು ಎರಡೂ ನೋಡಿ ಸಹಿ ಹಾಕಿ ಫೈಲು ಮುಚ್ಚಿಬಿಟ್ರು. ಹೋದ ವಾರ ಇಬ್ಬರು ಅಪ್ಪಂದಿರು, ಈ ವಾರ ಒಬ್ಬರೂ ಇಲ್ಲ. ಸರ್ಕಾರಕ್ಕೆ ಹದಿನೆಂಟು ರೂಪಾಯಿ ಲಾಭ. ಎಲ್ಲಾ ಮನೇಲೂ ಹಿಂಗೇ ಸಂಕೋಚ ಇದ್ದುಬಿಟ್ರೆ ಪಂಚವಾರ್ಷಿಕ ಯೋಜನೆಗೆ ಅಮೆರಿಕಾದೋರ ಹತ್ರ ಸಾಲ ಕೇಳೋದೇ ಬೇಡ."

ಅವನು ತಮಾಷೆಗೆ ಹೇಳಿದ್ದ, ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಮುಂದಿನ ವರ್ಷದ ಫಾರಮಿನಲ್ಲಿ ನಿಮಗೆ ಬೇಕಾದರೆ ಮತ್ತೆ ಬರೆಯಬಹುದು, ಆದರೆ ಒಬ್ಬರೇ ಬರೆಯಿರಿ ಎಂದು ಬುದ್ಧಿ ಹೇಳಿ, ಕಾಫಿ ಮುಗಿಸಿ ಹೋದ. ಅವನು ಗೇಟು ಹಾಕಿಕೊಂಡ ಸದ್ದಾದ ಮೇಲೂ ಜಯಸಿಂಹ ಬೀದಿಯನ್ನೇ ನೋಡುತ್ತ ಕೂತ. ಎದುರಿನ ಖಾಲಿ ಸೈಟಿನಲ್ಲಿ ಯಾರದೋ ಎಮ್ಮೆ ಮೇಯುತ್ತಿತ್ತು. ಆ ಎಮ್ಮೆಗೂ ಸಾರಕ್ಕಿ ಹಳ್ಳಿಯಲ್ಲಿ ಒಬ್ಬ ಯಜಮಾನನಿದ್ದಾನೆ, ಕತ್ತಲಾದರೆ ಹುಡುಕಿಕೊಂಡು ಬರುತ್ತಾನೆ. ಬೆನ್ನ ಹಿಂದೆ ಚೂಡಾಮಣಿ ನಿಂತಿದ್ದಾಳೆಂದು ಅವನಿಗೆ ಗೊತ್ತಿತ್ತು. ಅವಳು ಕೂಗಾಡುವವಳಲ್ಲ. ಏನು ಬರೆದುಕೊಟ್ಟಿರಿ ಎಂದು ಕೇಳಿದಳು. ಅವನು ಹೇಳಿದ. ಯಾಕೆ ಎಂದು ಕೇಳಿದಳು. ಅವನು ಒಳಗೆ ಹೋಗಿ ಪಂಚಾಂಗ ಬಿಡಿಸಿ ನೋಟು ತಂದು ಅವಳ ಮುಂದೆ ಹಿಡಿದ. ಅವಳು ಅದನ್ನು ಮುಟ್ಟಲಿಲ್ಲ. ಅಂದು ಫಾರಮಿನ ಮೇಲಿನ ಎರಡು ಪದಗಳನ್ನು ನೋಡಿದ ಕಣ್ಣುಗಳಿಂದಲೇ ಆ ನೋಟನ್ನು ನೋಡಿದಳು, ಆದರೆ ಈಗ ಅದರಲ್ಲಿ ದೇವರಿರಲಿಲ್ಲ.

"ಈಗಲೇ ಹೋಗಿ ಕೊಟ್ಟು ಬನ್ನಿ," ಎಂದಳು. "ಮಗೂನ ಕರಕೊಂಡು ಹೋಗಿ. ಏನು ಹೇಳಬೇಕೋ ಅದನ್ನ ಅವಳ ಮುಂದೇನೇ ಹೇಳಿ. ಹೇಳೋಕಾಗದಿದ್ರೆ ಅವಳನ್ನ ಅಲ್ಲೇ ಬಿಟ್ಟು ಬನ್ನಿ, ನಾನು ಬಂದು ಕೇಳ್ಕೋತೀನಿ."

ಬಸ್ಸಿಗೆ ಕಾಯದೆ ಇಬ್ಬರೂ ನಡೆದರು. ಸರಸ್ವತಿ ಅವನ ಕಿರುಬೆರಳು ಹಿಡಿದುಕೊಂಡಿದ್ದಳು, ಸಿಂಹಗಳನ್ನು ಎಣಿಸಲಿಲ್ಲ. ಸ್ತಂಭ ದಾಟಿದ ಮೇಲೆ, ಯಾವುದೋ ಲೆಕ್ಕದ ಉತ್ತರ ಹೇಳುವಂತೆ, ತನಗೆ ಎಲ್ಲ ಗೊತ್ತು ಎಂದಳು. ಎರಡು ವರ್ಷದ ಹಿಂದೆ ಪಂಕಜಕ್ಕ ಚೌಕಾಬಾರದಲ್ಲಿ ಸೋತ ಸಿಟ್ಟಿಗೆ ಹೇಳಿದ್ದಳಂತೆ. ಜಯಸಿಂಹನಿಗೆ ಕಾಲು ನಿಂತಿತು. ಎರಡು ವರ್ಷ ಅವನು ಅವಳ ಮುಂದೆ ಎಷ್ಟು ಮಾತು ನುಂಗಿದ್ದ, ಎಷ್ಟು ಸಲ ಚೂಡಾಮಣಿಗೆ ಕಣ್ಣು ಸನ್ನೆ ಮಾಡಿದ್ದ, ಅದೆಲ್ಲವನ್ನೂ ಈ ಹುಡುಗಿ ಜಡೆ ಹೆಣೆಸಿಕೊಳ್ಳುತ್ತ ನೋಡುತ್ತಿದ್ದಳು.

"ಯಾಕೆ ನಂಗೆ ಹೇಳ್ಲಿಲ್ಲ?" ಎಂದ.

"ನಿಂಗೆ ಬೇಜಾರಾಗುತ್ತೆ ಅಂತ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಅಪ್ಪ, ಕೈತಪ್ಪು ಅಂದ್ರೆ ಏನು?" ಎಂದು ಕೇಳಿದಳು. ಅವನು ಹೆಂಡತಿಗೆ ಹೇಳುವಾಗ ಆ ಪದವನ್ನು ಬಳಸಿದ್ದ. ಈಗ ಮಗುವಿನ ಬೆರಳು ಬಿಡಿಸಿ, ಇಡೀ ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡ.

ಗೌರೀಶಂಕರ ಮನೆಯಲ್ಲಿರಲಿಲ್ಲ, ಕ್ಲಬ್ಬಿಗೆ ಹೋಗಿದ್ದ. ಅದನ್ನು ಕೇಳಿ ಎದೆ ಹಗುರಾದದ್ದನ್ನು ಜಯಸಿಂಹ ತನ್ನಿಂದ ಮುಚ್ಚಿಟ್ಟುಕೊಳ್ಳಲಿಲ್ಲ. ಅತ್ತಿಗೆ ದೀಪ ಹಚ್ಚಿ ಬಾಗಿಲಿಗೆ ಬಂದವಳು ಇಬ್ಬರನ್ನೂ ನೋಡಿ ಹೊಸ್ತಿಲ ಒಳಗೇ ನಿಂತಳು. ಅವನು ನೋಟನ್ನು ಚಾಚಿದ. ಇದು ಅಣ್ಣಯ್ಯ ಕೊಟ್ಟದ್ದು ಎಂದ. ತಲೆ ಎಂದಿನಂತೆ ತಾನೇ ಆಡಲು ಹೊರಟಿತು, ಅದನ್ನು ಕತ್ತು ಬಿಗಿಹಿಡಿದು ನಿಲ್ಲಿಸಿದ. ಸಂಜೆಯ ಗಾಡಿ ಓಡಾಟದ ಬೀದಿಯಲ್ಲಿ ನಿಂತು, ಕೈಯಲ್ಲಿ ಮಗುವಿನ ಕೈ ಹಿಡಿದು, ಮೂವತ್ತೆಂಟನೆಯ ವಯಸ್ಸಿನಲ್ಲಿ ಆ ಮನೆತನದ ಪದ್ಧತಿ ಮುರಿದ.

"ಅತ್ತಿಗೆ, ಇವಳು ನನ್ನ ಮಗಳು."

ಅತ್ತಿಗೆ ನೋಟು ತೆಗೆದುಕೊಂಡಳು. ಅದನ್ನು ಮಡಿಸಿ, ಇನ್ನೊಮ್ಮೆ ಮಡಿಸಿದಳು.

"ಅವರ ಕೈಲಿ ಹೆಸರು ತೆಗೀರಿ ಅನ್ನೋ ಕಾಗದ ನಾನೇ ಬರೆಸಿದ್ದು, ಸಿಂಹ," ಎಂದಳು. "ಆಡಿಟರ್ ಕಾಗದದಲ್ಲಿ ಇವಳಿಗೆ ಎಂಟು ವರ್ಷ ಅಂತ ಇತ್ತು. ಒಂಬತ್ತು ಅಂತ ಅವರಿಗೆ ಗೊತ್ತಿರಲಿಲ್ಲ. ನೀನು ಭಾನುವಾರ ಏನಾದ್ರೂ ಹೇಳ್ತೀಯ ಅಂತ ಕಾದೆ. ನೀನು ಕೋಡುಬಳೆ ತಿಂದೆ."

ಅವನು ತಲೆ ತಗ್ಗಿಸಿದ. ಅವಳು ಒಳಗೆ ಹೋದಳು. ಅಡಿಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದು, ಸಾಸಿವೆಯೊಳಗೆ ಬೆರಳಾಡಿಸಿದ ಸದ್ದು ಕೇಳಿಸಿತು. ಹಿಂದಿರುಗಿ ಬಂದಾಗ ಅವಳ ಕೈಯಲ್ಲಿ ಒಂದು ರೂಪಾಯಿಯ ನಾಣ್ಯವಿತ್ತು, ಅದಕ್ಕೆ ಎರಡು ಸಾಸಿವೆ ಅಂಟಿಕೊಂಡಿತ್ತು. ಒಂಬತ್ತು ವಾಪಸು ಬಂತು, ಒಂದು ಮಗುವಿಗೆಂದು ಕೊಟ್ಟದ್ದು, ಅದು ಅವಳದೇ ಎಂದು ಜಯಸಿಂಹನಿಗೆ ಲೆಕ್ಕ ಒಪ್ಪಿಸಿದಳು. ಆಮೇಲೆ ಹೊಸ್ತಿಲು ದಾಟಿ ಹೊರಗೆ ಬಂದು, ಸರಸ್ವತಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ನಾಣ್ಯವನ್ನು ಮಗುವಿನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಆ ಮುಷ್ಟಿಯನ್ನು ತನ್ನೆರಡು ಕೈಗಳಲ್ಲಿ ಮುಚ್ಚಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಸರಸ್ವತಿಯೂ ಎಳೆದುಕೊಳ್ಳಲಿಲ್ಲ, ಎಲ್ಲ ಗೊತ್ತಿದ್ದವಳು ಹಾಗೆಯೇ ನಿಂತಿದ್ದಳು.

"ದೊಡ್ಡಮ್ಮ ಕೊಟ್ಟಿದ್ದು ಅಂತ ಇಟ್ಕೋ, ಪುಟ್ಟಿ," ಎಂದಳು ಅತ್ತಿಗೆ.